ಆರು ದಿನಗಳ ಸೃಷ್ಟಿ: ಅಕ್ಷರಾರ್ಥವೇ ಹಳೆಯ ಅರ್ಥವೇ?

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲ ಹನ್ನೊಂದು ಅಧ್ಯಾಯಗಳಲ್ಲಿ ಲೋಕದ ಸೃಷ್ಟಿ, ಏದೆನ್ ತೋಟ, ಆದಾಮ ಮತ್ತು ಹವ್ವಳ ಅವಿಧೇಯತೆ, ಕಾಯಿನನು ತಮ್ಮ ಹೇಬೆಲನನ್ನು ಕೊಂದದ್ದು, ನೋಹನ ಕಾಲದ ಜಲಪ್ರಳಯ, ಬಾಬೆಲಿನ ಗೋಪುರ, ಈ ಕಥೆಗಳಿವೆ. ಹನ್ನೆರಡನೆಯ ಅಧ್ಯಾಯದಿಂದ ಅಬ್ರಹಾಮನ ಮನೆತನದ ವೃತ್ತಾಂತ ಮುಂದುವರಿಯುತ್ತದೆ. ಆರಂಭದ ಈ ಕಥೆಗಳನ್ನು ಕ್ರೈಸ್ತರು ಹೇಗೆ ಓದುತ್ತ ಬಂದರು ಎಂಬುದರ ಬಗ್ಗೆ ಇಂದು ಒಂದು ತಿಳಿವಳಿಕೆ ವ್ಯಾಪಕವಾಗಿದೆ. ಅದರ ಪ್ರಕಾರ, ಹತ್ತೊಂಬತ್ತನೆಯ ಶತಮಾನದವರೆಗೆ ಎಲ್ಲ ಕ್ರೈಸ್ತರೂ ಇವನ್ನು ಅಕ್ಷರಶಃ ನಡೆದ ಘಟನೆಗಳೆಂದು ನಂಬಿದ್ದರು. ಇಪ್ಪತ್ತನಾಲ್ಕು ಗಂಟೆಗಳ ಆರು ದಿನಗಳಲ್ಲಿ, ಸುಮಾರು ಆರು ಸಾವಿರ ವರ್ಷಗಳ ಹಿಂದೆ, ಲೋಕ ಉಂಟಾಯಿತೆಂಬುದೇ ಮೂಲ ನಂಬಿಕೆ. ಭೂವಿಜ್ಞಾನವೂ ಡಾರ್ವಿನ್ನನ ವಿಕಾಸವಾದವೂ ಬಂದ ಮೇಲೆ ದಾರಿ ಕಾಣದೆ ಕೆಲವರು ಅವನ್ನು ಸಂಕೇತ, ರೂಪಕ ಎನ್ನತೊಡಗಿದರು. ಈ ಮಾತನ್ನು ಹೇಳುವವರು ಒಂದೇ ಪಾಳಯದವರಲ್ಲ. ಅಕ್ಷರಾರ್ಥವನ್ನು ಬಿಟ್ಟರೆ ವಿಶ್ವಾಸವನ್ನೇ ಬಿಟ್ಟಂತೆ ಎನ್ನುವ ಕ್ರೈಸ್ತರೂ, ಸಂಕೇತಾರ್ಥವೆಂಬುದು ಸೋತವರ ನೆಪ ಎನ್ನುವ ನಾಸ್ತಿಕರೂ ಇದರಲ್ಲಿ ಒಂದಾಗುತ್ತಾರೆ. ಇಬ್ಬರ ತೀರ್ಮಾನ ಬೇರೆ, ತಳಹದಿ ಒಂದೇ. ಆ ತಳಹದಿ ಗಟ್ಟಿಯಾದದ್ದಲ್ಲ.

ಆದರೆ ಅದಕ್ಕೆ ಆಧಾರವೇ ಇಲ್ಲವೆಂದೂ ಹೇಳಲಾಗದು. ಸೃಷ್ಟಿಯ ಪ್ರತಿ ದಿನದ ಕೊನೆಗೂ ಸಂಜೆಯಾಯಿತು, ಬೆಳಗಾಯಿತು ಎಂಬ ಒಕ್ಕಣೆ ಬರುತ್ತದೆ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಸಬ್ಬತ್ ದಿನವನ್ನು ಆಚರಿಸಬೇಕೆಂಬ ಆಜ್ಞೆಗೆ ದೇವರ ಆರು ದಿನಗಳ ಕೆಲಸ ಮತ್ತು ಏಳನೆಯ ದಿನದ ವಿಶ್ರಾಂತಿಯನ್ನೇ ಕಾರಣವಾಗಿ ಕೊಡಲಾಗಿದೆ. ವಿವಾಹದ ಬಗ್ಗೆ ಮಾತಾಡುವಾಗ ಯೇಸು ಸೃಷ್ಟಿಯ ಮೊದಲಿಗೇ ಕೈ ತೋರಿಸುತ್ತಾನೆ. ಲೂಕನ ಸುವಾರ್ತೆ ಯೇಸುವಿನ ವಂಶಾವಳಿಯನ್ನು ಆದಾಮನವರೆಗೂ ಒಯ್ಯುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪೌಲನು ಆದಾಮನೊಬ್ಬನಿಂದ ಬಂದ ಮರಣವನ್ನೂ ಕ್ರಿಸ್ತನೊಬ್ಬನಿಂದ ಬಂದ ಜೀವವನ್ನೂ ಎದುರುಬದುರಾಗಿ ಇಡುತ್ತಾನೆ. ಇಷ್ಟನ್ನು ಓದಿದವನು ಇದೆಲ್ಲ ನಡೆದ ಸಂಗತಿ ಎಂದುಕೊಂಡರೆ ಅವನನ್ನು ಮೂಢನೆನ್ನುವುದು ಅನ್ಯಾಯ. ಪ್ರಶ್ನೆಯಿರುವುದು ಬೇರೆ ಕಡೆ: ಈ ಓದು ಕ್ರೈಸ್ತ ಪರಂಪರೆಯಲ್ಲಿ ಏಕೈಕ ಓದಾಗಿತ್ತೇ, ವಿಶ್ವಾಸಕ್ಕೆ ಕಡ್ಡಾಯವಾಗಿತ್ತೇ, ಮತ್ತು ಆ ಪಠ್ಯವೇ ಇದನ್ನು ಕೇಳುತ್ತದೆಯೇ?

ಮೊದಲು ಇತಿಹಾಸ. ಕ್ರಿ.ಶ. ಮೂರನೆಯ ಶತಮಾನದ ಮೊದಲ ಭಾಗದಲ್ಲಿ ಅಲೆಕ್ಸಾಂಡ್ರಿಯದ ಆರಿಜೆನ್ ತನ್ನ ‘ಮೂಲತತ್ತ್ವಗಳು’ ಗ್ರಂಥದ ನಾಲ್ಕನೆಯ ಭಾಗದಲ್ಲಿ, ಸೂರ್ಯ ಚಂದ್ರ ನಕ್ಷತ್ರಗಳಿಲ್ಲದೆ ಮೊದಲ ಮೂರು ದಿನಗಳಿಗೆ ಸಂಜೆ ಬೆಳಗು ಇದ್ದವೆಂದು ವಿವೇಕವುಳ್ಳ ಯಾರು ನಂಬಿಯಾರು ಎಂದು ಕೇಳಿದ. ದೇವರು ರೈತನಂತೆ ತೋಟ ನೆಟ್ಟ, ಸಂಜೆ ಅದರಲ್ಲಿ ಅಡ್ಡಾಡಿದ ಎಂಬ ಮಾತುಗಳು ಗೂಢಾರ್ಥವನ್ನು ಹೊತ್ತ ಕಥನ ಎಂದೇ ಅವನ ನಿಲುವು. ಡಾರ್ವಿನ್ನನಿಗೆ ಹದಿನಾರು ಶತಮಾನಗಳ ಮುಂಚಿನ ಈ ಮಾತಿಗೆ ಯಾವ ಭೂವಿಜ್ಞಾನದ ಒತ್ತಡವೂ ಇರಲಿಲ್ಲ. ಆರಿಜೆನ್ನನ ಕೆಲವು ಬೋಧನೆಗಳನ್ನು ಸಭೆ ಮುಂದೆ ಖಂಡಿಸಿತು, ಆದ್ದರಿಂದ ಅವನ ಸಾಕ್ಷ್ಯ ಹಿಡಿಯದು ಎನ್ನಬಹುದು. ಆಗಲಿ. ಆದರೆ ಅಗಸ್ಟೀನನನ್ನು (354–430) ಹಾಗೆ ಬದಿಗಿಡಲಾಗದು. ಪಶ್ಚಿಮದ ಕ್ರೈಸ್ತ ಚಿಂತನೆಗೆ ಅವನಷ್ಟು ರೂಪ ಕೊಟ್ಟವರು ಪೌಲನನ್ನು ಬಿಟ್ಟರೆ ವಿರಳ. ಆದಿಕಾಂಡವನ್ನು ಅಪಹಾಸ್ಯ ಮಾಡುತ್ತಿದ್ದ ಮಾನಿ ಪಂಥದಲ್ಲಿ ವರ್ಷಗಟ್ಟಲೆ ಇದ್ದು ಬಂದವನು ಅವನು. ಆ ಪುಸ್ತಕದ ಮೇಲೆ ಮತ್ತೆ ಮತ್ತೆ ಬರೆದ. ಸುಮಾರು 401ರಿಂದ 415ರವರೆಗೆ ಹನ್ನೆರಡು ಭಾಗಗಳಲ್ಲಿ ರಚಿಸಿದ ದೊಡ್ಡ ಭಾಷ್ಯದ ಹೆಸರೇ ‘ಆದಿಕಾಂಡದ ಅಕ್ಷರಾರ್ಥ’. ಅದರಲ್ಲಿ ಅವನು ಮುಟ್ಟಿದ ತೀರ್ಮಾನವೆಂದರೆ, ದೇವರು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಸೃಷ್ಟಿಸಿದ. ಆರು ದಿನಗಳು ಸೂರ್ಯನ ಗತಿಯಿಂದ ಅಳೆಯುವ ದಿನಗಳಲ್ಲ, ದೇವದೂತರ ಅರಿವಿನಲ್ಲಿ ಸೃಷ್ಟಿ ತೆರೆದುಕೊಂಡ ಕ್ರಮ. ಎಷ್ಟೋ ಜೀವಿಗಳು ಬೀಜರೂಪದ ಶಕ್ತಿಗಳಾಗಿ ಲೋಕದಲ್ಲಿ ಅಡಗಿದ್ದು ತಕ್ಕ ಕಾಲಕ್ಕೆ ಹೊರಬಂದವು. ಅದೇ ಗ್ರಂಥದ ಮೊದಲ ಭಾಗದಲ್ಲಿ ಅವನು ಕೊಡುವ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ. ಭೂಮಿ, ಆಕಾಶ, ನಕ್ಷತ್ರಗಳ ಚಲನೆ ಇವನ್ನು ಬುದ್ಧಿಯಿಂದಲೂ ಅನುಭವದಿಂದಲೂ ಬಲ್ಲ ಅವಿಶ್ವಾಸಿಯೊಬ್ಬನ ಮುಂದೆ, ಧರ್ಮಗ್ರಂಥವೇ ಹೀಗೆನ್ನುತ್ತದೆಂದು ಕ್ರೈಸ್ತನೊಬ್ಬ ಅಸಂಬದ್ಧ ನುಡಿದರೆ, ಆ ಗ್ರಂಥ ಪುನರುತ್ಥಾನದ ಬಗ್ಗೆ ಹೇಳುವುದನ್ನು ಆ ಅವಿಶ್ವಾಸಿ ಹೇಗೆ ನಂಬಿಯಾನು ಎಂಬುದು ಅಗಸ್ಟೀನನ ಚಿಂತೆ.

ಅಗಸ್ಟೀನನನ್ನು ವಿಕಾಸವಾದದ ಮುಂಗಾಣ್ಕೆಯಿದ್ದವನೆಂದು ಹೊಗಳುವ ರೂಢಿಯೂ ಇದೆ, ಅದೂ ತಪ್ಪು. ಒಂದು ಜೀವಜಾತಿ ಇನ್ನೊಂದಾಗುತ್ತದೆಂದು ಅವನು ಎಲ್ಲೂ ಹೇಳಲಿಲ್ಲ. ಲೋಕಕ್ಕೆ ಆರು ಸಾವಿರ ವರ್ಷವೂ ತುಂಬಿಲ್ಲವೆಂದೇ ಅವನ ಎಣಿಕೆ. ಆದಾಮ ನಿಜವಾಗಿ ಇದ್ದವನು, ಏದೆನ್ ನಿಜವಾದ ಸ್ಥಳ ಎಂದೂ ಅವನು ನಂಬಿದ್ದ. ಅಲ್ಲದೆ ಅವನ ಓದನ್ನು ಎಲ್ಲರೂ ಒಪ್ಪಿರಲಿಲ್ಲ. 379ರಲ್ಲಿ ತೀರಿಕೊಂಡ ಕೈಸರೇಯದ ಬಾಸಿಲ್ ಆರು ದಿನಗಳ ಸೃಷ್ಟಿಯ ಮೇಲೆ ಕೊಟ್ಟ ಒಂಬತ್ತು ಪ್ರವಚನಗಳಲ್ಲಿ, ಹುಲ್ಲೆಂದರೆ ತನಗೆ ಹುಲ್ಲೇ, ಮೀನೆಂದರೆ ಮೀನೇ ಎಂದು ರೂಪಕಪ್ರಿಯರನ್ನು ಗದರಿಸಿದ. ಸಿರಿಯಾದ ಎಫ್ರೇಮನ ಭಾಷ್ಯವೂ ಅದೇ ಜಾಡಿನದು. ಅಂದರೆ ಆದಿ ಸಭೆಯಲ್ಲಿ ಎರಡು ಬಗೆಯ ಓದೂ ಇತ್ತು, ಎರಡರ ನಡುವೆ ವಾದವೂ ಇತ್ತು, ಮತ್ತು ದಿನಗಳ ವಿಷಯದಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಅವಿಶ್ವಾಸಿಗಳೆಂದು ಹೊರಹಾಕಲಿಲ್ಲ. ಸಭೆ ಅಧಿಕೃತವಾಗಿ ಏನನ್ನು ಕಡ್ಡಾಯ ಮಾಡಿತೆಂಬುದು ಇದಕ್ಕಿಂತ ದೊಡ್ಡ ಸಾಕ್ಷ್ಯ. 325ರ ನೈಸಿಯಾ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳು ರೂಪಿಸಿದ ವಿಶ್ವಾಸ ಪ್ರಮಾಣದಲ್ಲಿ ಕಾಣುವ, ಕಾಣದ ಎಲ್ಲವನ್ನೂ ಸೃಷ್ಟಿಸಿದವನು ದೇವರು ಎಂಬ ಮಾತಿದೆ. ದಿನಗಳ ಲೆಕ್ಕವಿಲ್ಲ, ಭೂಮಿಯ ವಯಸ್ಸಿಲ್ಲ. ಪ್ರಾಚೀನರಲ್ಲಿ ಬಹುತೇಕರು ಭೂಮಿಗೆ ಕೆಲವೇ ಸಾವಿರ ವರ್ಷ ಎಂದುಕೊಂಡಿದ್ದು ನಿಜವೇ. ಬೇರೆಯಾಗಿ ಯೋಚಿಸಲು ಅವರಿಗೆ ಕಾರಣವೂ ಇರಲಿಲ್ಲ. ಒಂದು ಕಾಲದ ಜನ ಸಹಜವಾಗಿ ಊಹಿಸಿಕೊಂಡದ್ದು ಬೇರೆ, ಅವರು ವಿಶ್ವಾಸದ ಷರತ್ತಾಗಿ ಇಟ್ಟದ್ದು ಬೇರೆ.

ಆ ವರ್ಷಗಳ ಲೆಕ್ಕವೂ ಪಠ್ಯದಿಂದ ನೇರವಾಗಿ ಬರುವಂಥದ್ದಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೃಷ್ಟಿಯನ್ನು ಕ್ರಿ.ಪೂ. 4004ರ ಅಕ್ಟೋಬರಿಗೆ ಇಟ್ಟ. ಅವನು ಅಲ್ಪಜ್ಞನಲ್ಲ, ಬೈಬಲಿನ ವಂಶಾವಳಿಗಳನ್ನು ಬಾಬಿಲೋನ್, ಪರ್ಷಿಯ, ರೋಮಿನ ಇತಿಹಾಸದೊಡನೆ ಹೊಂದಿಸಿದ ದೊಡ್ಡ ವಿದ್ವಾಂಸ. ಹದಿನೆಂಟನೆಯ ಶತಮಾನದ ಮೊದಲಿನಿಂದ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಆ ವರ್ಷ ಅಚ್ಚಾಗತೊಡಗಿ, ಅದು ಗ್ರಂಥದ್ದೇ ಮಾತೆಂಬ ಭಾವನೆ ಓದುಗರಲ್ಲಿ ಬೆಳೆಯಿತು. ಆದರೆ ಗ್ರೀಕ್ ಭಾಷಾಂತರದ ಅಂಕಿಗಳನ್ನು ಹಿಡಿದ ಬೈಜಾಂಟಿಯಂನ ಪಂಚಾಂಗ ಸೃಷ್ಟಿಯನ್ನು ಕ್ರಿ.ಪೂ. 5509ಕ್ಕೆ ಇಡುತ್ತದೆ, ಯಹೂದಿ ಪಂಚಾಂಗ 3761ಕ್ಕೆ. ಒಂದೇ ಗ್ರಂಥದಿಂದ ಹೊರಟ ಮೂರು ಎಣಿಕೆಗಳ ನಡುವೆ ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ.

ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ ನಡೆದದ್ದು ಪ್ರಚಲಿತ ಕಥೆಗೆ ಇನ್ನಷ್ಟು ವಿರುದ್ಧವಾಗಿದೆ. ಸ್ಕಾಟ್ಲೆಂಡಿನ ಧರ್ಮಬೋಧಕ ಥಾಮಸ್ ಚಾಮರ್ಸ್ 1814ರಷ್ಟು ಹಿಂದೆಯೇ, ಡಾರ್ವಿನ್ನನ ಕೃತಿಗೆ ನಲವತ್ತೈದು ವರ್ಷ ಮೊದಲು, ಆದಿಕಾಂಡದ ಮೊದಲ ಎರಡು ವಾಕ್ಯಗಳ ನಡುವೆ ಎಷ್ಟು ದೀರ್ಘ ಕಾಲವಾದರೂ ಹಿಡಿಸಬಹುದೆಂದು ಹೇಳಿದ. ಧರ್ಮಗ್ರಂಥದಲ್ಲಿ ದೋಷವೇ ಇಲ್ಲವೆಂಬ ಸಿದ್ಧಾಂತವನ್ನು ಪ್ರಿನ್ಸ್‌ಟನ್ನಿನಲ್ಲಿ ಸಮರ್ಥಿಸಿದ ಬಿ. ಬಿ. ವಾರ್‌ಫೀಲ್ಡ್ ವಿಕಾಸದ ಸಾಧ್ಯತೆಗೆ ಬಾಗಿಲು ಮುಚ್ಚಲಿಲ್ಲ. ಮೂಲಭೂತವಾದ ಎಂಬ ಹೆಸರಿಗೇ ಕಾರಣವಾದ, 1910ರಿಂದ 1915ರವರೆಗೆ ಅಮೆರಿಕದಲ್ಲಿ ಪ್ರಕಟವಾದ ‘ದಿ ಫಂಡಮೆಂಟಲ್ಸ್’ ಲೇಖನಮಾಲೆಯಲ್ಲಿ ಭೂಮಿಯ ದೀರ್ಘ ವಯಸ್ಸನ್ನು ಒಪ್ಪಿದ ಜೇಮ್ಸ್ ಆರ್ ಅಂಥವರು ಬರೆದರು. 1925ರಲ್ಲಿ ಟೆನೆಸ್ಸಿಯ ಡೇಟನ್ ಊರಿನಲ್ಲಿ ನಡೆದ ಪ್ರಸಿದ್ಧ ಸ್ಕೋಪ್ಸ್ ಮೊಕದ್ದಮೆಯಲ್ಲಿ ವಿಕಾಸವಾದದ ವಿರುದ್ಧ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನ್ ಸಾಕ್ಷಿಕಟ್ಟೆಯಲ್ಲಿ ಕೂತು, ಆ ದಿನಗಳು ಇಪ್ಪತ್ತನಾಲ್ಕು ಗಂಟೆಗಳವೇ ಆಗಬೇಕಿಲ್ಲವೆಂದು ಒಪ್ಪಿದ. ಎಳೆಯ ಭೂಮಿಯ ವಾದಕ್ಕೆ ಇಂದಿನ ರೂಪ ಕೊಟ್ಟದ್ದು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ 1923ರಲ್ಲಿ ಬರೆದ ಭೂವಿಜ್ಞಾನದ ಪುಸ್ತಕ. ಅದನ್ನು ವಿಶಾಲ ಪ್ರೊಟೆಸ್ಟೆಂಟ್ ವಲಯಕ್ಕೆ ಒಯ್ದದ್ದು ದೇವತಾಶಾಸ್ತ್ರಜ್ಞ ಜಾನ್ ವಿಟ್‌ಕಂಬ್ ಮತ್ತು ಜಲ ಇಂಜಿನಿಯರ್ ಹೆನ್ರಿ ಮಾರಿಸ್ 1961ರಲ್ಲಿ ಹೊರತಂದ ‘ದಿ ಜೆನೆಸಿಸ್ ಫ್ಲಡ್’. ಬಾಸಿಲ್ ಮತ್ತು ಎಫ್ರೇಮರ ಓದು ಪುರಾತನವಾದದ್ದೇ. ಆದರೆ ಕಲ್ಲಿನ ಪದರಗಳನ್ನೆಲ್ಲ ನೋಹನ ಪ್ರಳಯದಿಂದ ವಿವರಿಸಿ, ಅದನ್ನೊಂದು ವಿಜ್ಞಾನವಾಗಿ ಮಂಡಿಸಿ, ವಿಶ್ವಾಸದ ಒರೆಗಲ್ಲಾಗಿಸಿದ ಚಳವಳಿಗೆ ಇನ್ನೂ ಪೂರ್ತಿ ನೂರೈವತ್ತು ವರ್ಷವೂ ಆಗಿಲ್ಲ.

ಇನ್ನು ಪಠ್ಯ. ಪರಂಪರೆಯ ಸಾಕ್ಷ್ಯವನ್ನು ಪಕ್ಕಕ್ಕಿಟ್ಟು ಬರೀ ಪುಸ್ತಕವನ್ನೇ ಹಿಡಿದರೂ ಅಕ್ಷರಾರ್ಥದ ಓದಿಗೆ ಅಡ್ಡಿಗಳು ಅಲ್ಲಿಂದಲೇ ಏಳುತ್ತವೆ.

1. ಮೊದಲ ಅಧ್ಯಾಯದಲ್ಲಿ ಮೂರನೆಯ ದಿನ ಸಸ್ಯಗಳು, ಐದನೆಯ ದಿನ ಮೀನು ಮತ್ತು ಹಕ್ಕಿಗಳು, ಆರನೆಯ ದಿನ ನೆಲದ ಪ್ರಾಣಿಗಳು, ಕೊನೆಗೆ ಗಂಡು ಹೆಣ್ಣಾಗಿ ಮನುಷ್ಯರು. ಎರಡನೆಯ ಅಧ್ಯಾಯದಲ್ಲಿ ಹೊಲದ ಗಿಡವೊಂದೂ ಇಲ್ಲದಿರುವಾಗ ಮಣ್ಣಿನಿಂದ ಪುರುಷನು ರೂಪುಗೊಳ್ಳುತ್ತಾನೆ, ಅನಂತರ ತೋಟದ ಮರಗಳು, ಅನಂತರ ಅವನಿಗೆ ಜೊತೆಯಾಗಲೆಂದು ಪ್ರಾಣಿ ಪಕ್ಷಿಗಳು, ಕಡೆಗೆ ಅವನ ಪಕ್ಕೆಲುಬಿನಿಂದ ಸ್ತ್ರೀ. ಎರಡನೆಯದು ಮೊದಲನೆಯದರ ಆರನೆಯ ದಿನದ ವಿವರ ಮಾತ್ರವೆಂದು ಸಮಾಧಾನ ಹೇಳುವುದುಂಟು. ಆದರೆ ಪ್ರಾಣಿಗಳ ಸರದಿ ಬಂದಾಗ ಅದು ಹೊಂದುವುದಿಲ್ಲ. ಪುರುಷನ ಒಂಟಿತನವನ್ನು ಕಂಡ ಮೇಲೆಯೇ ದೇವರು ಅವನ್ನು ರೂಪಿಸುವುದು ಆ ಕಥೆಯ ಜೀವಾಳ. ಈ ಎರಡನ್ನು ಪಕ್ಕಪಕ್ಕದಲ್ಲಿ ಜೋಡಿಸಿದ ಸಂಪಾದಕನಿಗೆ ವ್ಯತ್ಯಾಸ ಕಾಣಲಿಲ್ಲವೆಂದು ಭಾವಿಸಲು ಕಾರಣವಿಲ್ಲ. ಅವನಿಗೆ ಅದು ಅಡ್ಡಿಯೆನಿಸಲಿಲ್ಲ, ಏಕೆಂದರೆ ಅವನು ಘಟನಾಕ್ರಮದ ವರದಿ ಬರೆಯುತ್ತಿರಲಿಲ್ಲ.

2. ಮೊದಲ ಅಧ್ಯಾಯದ ದಿನಗಳು ಎರಡು ಸಾಲಾಗಿ ನಿಲ್ಲುತ್ತವೆ. ಮೊದಲ ಮೂರು ದಿನಗಳಲ್ಲಿ ಬೆಳಕು, ಆಕಾಶ ಮತ್ತು ನೀರು, ನೆಲ. ಮುಂದಿನ ಮೂರರಲ್ಲಿ ಅದೇ ಕ್ರಮದಲ್ಲಿ ಬೆಳಕನ್ನು ಹೊತ್ತ ಸೂರ್ಯ ಚಂದ್ರ, ಆಕಾಶ ಮತ್ತು ನೀರಿನ ಹಕ್ಕಿ ಮೀನುಗಳು, ನೆಲದ ಪ್ರಾಣಿಗಳು ಮತ್ತು ಮನುಷ್ಯರು. ಮೊದಲು ಎಡೆ, ಆಮೇಲೆ ಆ ಎಡೆಯನ್ನು ತುಂಬುವವರು. ಸೂರ್ಯ ನಾಲ್ಕನೆಯ ದಿನ ಬರುವುದು ಈ ಜೋಡಣೆಯಿಂದ. ಕಾಲಾನುಕ್ರಮವೆಂದು ಹಿಡಿದರೆ ಎಡವಿಸುವ ಸಂಗತಿ, ರಚನೆಯೆಂದು ಕಂಡೊಡನೆ ತನ್ನ ಸ್ಥಾನದಲ್ಲಿ ಕೂರುತ್ತದೆ.

3. ಹೇಬೆಲನನ್ನು ಕೊಂದ ಕಾಯಿನನು, ಕಂಡವರು ತನ್ನನ್ನು ಕೊಂದಾರೆಂದು ಹೆದರುತ್ತಾನೆ, ಅವನಿಗೆ ಹೆಂಡತಿಯಿದ್ದಾಳೆ, ಅವನೊಂದು ಊರು ಕಟ್ಟುತ್ತಾನೆ. ಹೆಂಡತಿ ಅವನ ತಂಗಿಯೇ ಇರಬೇಕೆಂದು ಅಗಸ್ಟೀನನೂ ಉತ್ತರ ಕೊಟ್ಟಿದ್ದಾನೆ. ಉತ್ತರ ಅಸಾಧ್ಯವಾದದ್ದಲ್ಲ, ಆದರೆ ಕಥೆಗೆ ಅದರ ಗೊಡವೆಯೇ ಇಲ್ಲ.

4. ಪ್ರಳಯದ ಕಥೆಯಲ್ಲಿ ಆರನೆಯ ಅಧ್ಯಾಯ ಪ್ರತಿ ಜಾತಿಯಲ್ಲೂ ಒಂದೊಂದು ಜೋಡಿ ಎನ್ನುತ್ತದೆ; ಏಳನೆಯದು ಶುದ್ಧ ಪ್ರಾಣಿಗಳಲ್ಲಿ ಏಳೇಳು ಎನ್ನುತ್ತದೆ.

ಹಾಗಾದರೆ ಈ ಕಥೆಗಳು ಹೇಳುವುದಾದರೂ ಏನನ್ನು? ಇದಕ್ಕೆ ಬೆಳಕು ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ನಿನೆವೆಯಲ್ಲಿ ಅಸ್ಸೀರಿಯದ ಅರಸ ಅಶ್ಶುರ್‌ಬನಿಪಾಲನ ಗ್ರಂಥಭಂಡಾರದಿಂದ ಲಂಡನ್ನಿಗೆ ಬಂದಿದ್ದ ಜೇಡಿಮಣ್ಣಿನ ಫಲಕಗಳಲ್ಲಿ ಜಲಪ್ರಳಯದ ಕಥೆಯೊಂದನ್ನು ಜಾರ್ಜ್ ಸ್ಮಿತ್ 1872ರಲ್ಲಿ ಓದಿ ಬಹಿರಂಗಪಡಿಸಿದ. 1876ರಲ್ಲಿ ‘ಎನೂಮ ಎಲಿಶ್’ ಎಂಬ ಬಾಬಿಲೋನಿನ ಸೃಷ್ಟಿಕಾವ್ಯದ ಭಾಗಗಳನ್ನೂ ಪ್ರಕಟಿಸಿದ. ಆ ಕಾವ್ಯದಲ್ಲಿ ಮಾರ್ದುಕ್ ದೇವತೆ ಕಡಲಿನ ದೇವಿ ತಿಯಾಮತಳನ್ನು ಕೊಂದು, ದೇಹವನ್ನು ಎರಡಾಗಿ ಸೀಳಿ, ಒಂದು ಭಾಗದಿಂದ ಆಕಾಶವನ್ನು ಮಾಡುತ್ತಾನೆ. ಸೋತ ದೇವತೆಯೊಬ್ಬನ ರಕ್ತದಿಂದ ಮನುಷ್ಯರನ್ನು ಸೃಷ್ಟಿಸಿದ್ದು ದೇವತೆಗಳ ಚಾಕರಿ ಅವರ ಮೇಲೆ ಬೀಳಲಿ, ದೇವತೆಗಳಿಗೆ ವಿರಾಮ ಸಿಗಲಿ ಎಂದು. ಯೆರೂಸಲೇಮ್ ಕ್ರಿ.ಪೂ. 587–586ರ ಸುಮಾರಿಗೆ ಬಿದ್ದು, ಯಹೂದಿಗಳು ಬಾಬಿಲೋನಿಗೆ ಸೆರೆಯಾಗಿ ಹೋದರು. ಆದಿಕಾಂಡದ ಮೊದಲ ಅಧ್ಯಾಯ ಈಗಿನ ರೂಪ ಪಡೆದದ್ದು ಆ ಕಾಲದ ಆಸುಪಾಸಿನಲ್ಲೆಂದು ಬಹಳ ಮಂದಿ ವಿದ್ವಾಂಸರು ಒಪ್ಪುತ್ತಾರೆ. ಈ ಹಿನ್ನೆಲೆಯಲ್ಲಿ ಓದಿದಾಗ ಆ ಅಧ್ಯಾಯದ ಒಂದೊಂದು ಸಾಲೂ ಚುರುಕಾಗುತ್ತದೆ. ಇಲ್ಲಿ ಯುದ್ಧವಿಲ್ಲ, ದೇವರ ಎದುರಾಳಿಯಿಲ್ಲ, ನುಡಿದರೆ ಸಾಕು ಆಗುತ್ತದೆ. ಬಾಬಿಲೋನಿನವರು ಕೈಮುಗಿಯುತ್ತಿದ್ದ ಸೂರ್ಯ ಚಂದ್ರರು ಇಲ್ಲಿ ಹಗಲು ರಾತ್ರಿಗೆಂದು ಇಟ್ಟ ಎರಡು ದೀಪಗಳು. ಆ ನಾಡುಗಳಲ್ಲಿ ದೇವರ ಪ್ರತಿರೂಪ ಎನಿಸಿಕೊಳ್ಳುತ್ತಿದ್ದವನು ಅರಸ. ಇಲ್ಲಿ ಆ ಪಟ್ಟ ಗಂಡಿಗೂ ಹೆಣ್ಣಿಗೂ, ಎಲ್ಲ ಮನುಷ್ಯರಿಗೂ. ಅಲ್ಲಿ ದೇವತೆಗಳ ವಿರಾಮಕ್ಕಾಗಿ ಮನುಷ್ಯರು ದುಡಿಯಬೇಕು; ಇಲ್ಲಿ ದೇವರ ವಿಶ್ರಾಂತಿಯ ದಿನದಲ್ಲಿ ಆಳಿಗೂ ದನಕ್ಕೂ ಪಾಲುಂಟು. ಸೆರೆಯಲ್ಲಿದ್ದ, ಸೋತ ಜನಾಂಗವೊಂದು ಗೆದ್ದವರ ದೇವತೆಗಳ ಎದುರು ಇಟ್ಟ ಈ ಮಾತಿನ ಎತ್ತರವನ್ನು ಗ್ರಹಿಸಲು ಭೂಮಿಯ ವಯಸ್ಸನ್ನು ಎಣಿಸುವ ಅಗತ್ಯವೇ ಬೀಳುವುದಿಲ್ಲ. ಎಣಿಸಲು ಕೂತವರಿಗೆ ಈ ಎತ್ತರ ಕಾಣದೆ ಹೋಗುತ್ತದೆ. ಅಕ್ಷರಾರ್ಥದ ಓದಿನಿಂದ ಆಗುವ ನಿಜವಾದ ನಷ್ಟ ಇದು.

ಇದೇ ನಷ್ಟ ಇನ್ನೊಂದು ಸುಸಂಸ್ಕೃತ ಮಾರ್ಗದಲ್ಲೂ ಆಗುತ್ತದೆ. ಪ್ರತಿ ದಿನವೂ ಕೋಟ್ಯಂತರ ವರ್ಷಗಳ ಒಂದು ಯುಗ, ಮೊದಲ ಬೆಳಕೆಂದರೆ ಮಹಾಸ್ಫೋಟ ಎಂದು ಆದಿಕಾಂಡವನ್ನೂ ವಿಜ್ಞಾನವನ್ನೂ ಗಂಟು ಹಾಕುವ ಪ್ರಯತ್ನವದು. ಮೇಲ್ನೋಟಕ್ಕೆ ಉದಾರ, ಒಳಗೆ ಅದೇ ತಪ್ಪು: ಗ್ರಂಥದಲ್ಲಿ ಭೌತವಿಜ್ಞಾನವನ್ನು ಹುಡುಕುವುದು. ಹೊಂದಿಕೆಯೂ ಕೂಡಿಬರುವುದಿಲ್ಲ. ಹಣ್ಣಿನ ಮರಗಳು ಸೂರ್ಯನಿಗಿಂತ ಮುಂಚೆ, ಹಕ್ಕಿಗಳು ನೆಲದ ಪ್ರಾಣಿಗಳಿಗಿಂತ ಮುಂಚೆ ಬರುವ ಕ್ರಮವನ್ನು, ಯುಗಗಳನ್ನು ಎಷ್ಟು ಹಿಗ್ಗಿಸಿದರೂ, ಪಳೆಯುಳಿಕೆಗಳು ಒಪ್ಪುವುದಿಲ್ಲ. ಹನ್ನೆರಡನೆಯ ಪಯಸ್ ಪೋಪ್ 1951ರ ನವೆಂಬರಿನಲ್ಲಿ ಮಾಡಿದ ಭಾಷಣದಲ್ಲಿ, ಸೃಷ್ಟಿಯ ಆದಿಯ ಬೆಳಕಿಗೆ ಹೊಸ ಖಗೋಳವಿಜ್ಞಾನ ಸಾಕ್ಷಿ ನುಡಿಯುತ್ತಿದೆ ಎಂಬರ್ಥದ ಮಾತಾಡಿದಾಗ, ಮಹಾಸ್ಫೋಟ ಸಿದ್ಧಾಂತದ ಜನಕರಲ್ಲೊಬ್ಬನಾದ ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೇತ್ರನಿಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ಎಲ್ಲ ಧಾರ್ಮಿಕ ಪ್ರಶ್ನೆಗಳ ಹೊರಗಿನದೆಂದೇ ಅವನ ನಿಲುವು. ಅವನಿಗಿಂತ ನಾಲ್ಕು ಶತಮಾನ ಹಿಂದೆ, 1554ರ ಆದಿಕಾಂಡದ ಭಾಷ್ಯದಲ್ಲಿ, ಜಾನ್ ಕ್ಯಾಲ್ವಿನ್ ಇದನ್ನೇ ಬೇರೆ ರೀತಿಯಲ್ಲಿ ಹೇಳಿದ್ದ. ಶನಿಗ್ರಹ ಚಂದ್ರನಿಗಿಂತ ದೊಡ್ಡದೆಂದು ಖಗೋಳಜ್ಞರು ತೋರಿಸಿದ್ದಾರೆ. ಆದರೂ ಮೋಶೆ ಚಂದ್ರನನ್ನು ದೊಡ್ಡ ದೀಪಗಳಲ್ಲೊಂದೆಂದ, ಏಕೆಂದರೆ ಅವನು ಜನಸಾಮಾನ್ಯರ ಕಣ್ಣಿಗೆ ಕಂಡಂತೆ ಬರೆದ. ಖಗೋಳವನ್ನು ಕಲಿಯಬೇಕಾದವನು ಬೇರೆ ಕಡೆ ಹೋಗಲಿ. ಕ್ಯಾಲ್ವಿನ್ ಆರು ದಿನಗಳನ್ನು ದಿನಗಳೆಂದೇ ನಂಬಿದವನು ಎಂಬುದು ಈ ಮಾತಿನ ತೂಕವನ್ನು ಹೆಚ್ಚಿಸುತ್ತದೆ.

ಇಲ್ಲಿ ಏಳುವ ಮೊದಲ ಆಕ್ಷೇಪ, ಒಂದು ಕಡೆ ರೂಪಕವೆಂದರೆ ಎಲ್ಲಿ ನಿಲ್ಲಿಸುವುದು ಎಂಬುದು. ಏದೆನ್ ಕಥೆಯಾದರೆ ನಾಳೆ ಯೇಸುವಿನ ಶಿಲುಬೆಯೂ ಪುನರುತ್ಥಾನವೂ ಕಥೆಯಾಗುವುದಿಲ್ಲವೇ? ಭಯ ಅರ್ಥವಾಗುವಂಥದ್ದು, ತರ್ಕ ನಿಲ್ಲುವಂಥದ್ದಲ್ಲ. ಬೈಬಲ್ ಒಂದು ಪುಸ್ತಕವಲ್ಲ, ಗ್ರಂಥಭಂಡಾರ. ಅದರಲ್ಲಿ ಕೀರ್ತನೆ, ನ್ಯಾಯಸಂಹಿತೆ, ಗಾದೆ, ಅರಮನೆಯ ವೃತ್ತಾಂತ, ಪತ್ರ, ಸಾಮ್ಯಗಳಿವೆ. ಒಳ್ಳೆಯ ಸಮಾರ್ಯದವನೆಂಬ ವ್ಯಕ್ತಿ ಯಾವ ಊರಿನವನೆಂದು ಯಾರೂ ಹುಡುಕುವುದಿಲ್ಲ. ಆ ಕಾರಣಕ್ಕೆ ಪೊಂತ್ಯ ಪಿಲಾತನೂ ಕಲ್ಪಿತನೆಂದು ಯಾರೂ ಹೇಳುವುದಿಲ್ಲ. ಪುನರುತ್ಥಾನದ ಬಗ್ಗೆ ಕೊರಿಂಥದವರಿಗೆ ಬರೆಯುವಾಗ ಪೌಲನು, ಕಂಡವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದು ಸಾಕ್ಷಿಗಳನ್ನು ಮುಂದಿಡುತ್ತಾನೆ. ಅದನ್ನು ನಂಬುವುದು, ಬಿಡುವುದು ಬೇರೆ ಮಾತು; ಅದು ಸಾಕ್ಷ್ಯದ ಧಾಟಿ. ಮಾತಾಡುವ ಹಾವು, ಜೀವವೃಕ್ಷ, ಒಳಿತು ಕೆಡುಕುಗಳ ಅರಿವಿನ ಮರ ಇರುವ ತೋಟದ ಕಥೆಯ ಧಾಟಿ ಅದಲ್ಲ. ಪ್ರಕಾರವನ್ನು ಪ್ರಕರಣ ಪ್ರಕರಣಕ್ಕೂ ಗುರುತಿಸಬೇಕೆಂಬುದನ್ನು ಕ್ಯಾಥೊಲಿಕ್ ಧರ್ಮಸಭೆ 1943ರ ಪೋಪ್ ಪತ್ರದಲ್ಲೂ 1965ರ ಎರಡನೆಯ ವ್ಯಾಟಿಕನ್ ಮಹಾಸಭೆಯ ದಸ್ತಾವೇಜಿನಲ್ಲೂ ಸ್ಪಷ್ಟವಾಗಿ ಒಪ್ಪಿದೆ.

ಎರಡನೆಯ ಆಕ್ಷೇಪ ಸಬ್ಬತ್ ಆಜ್ಞೆಯದು. ಆರು ದಿನ ದುಡಿದು ಏಳನೆಯ ದಿನ ವಿರಮಿಸುವುದಕ್ಕೆ ದೇವರ ಕೆಲಸ ಮಾದರಿಯಾಗಬೇಕಾದರೆ ದಿನಗಳು ಅದೇ ಅಳತೆಯವಾಗಿರಬೇಕಿಲ್ಲ. ದೇವರು ವಿಶ್ರಮಿಸಿಕೊಂಡನೆಂಬ ಮಾತನ್ನೇ, ಅವನಿಗೆ ದಣಿವಾಯಿತೆಂಬ ಅರ್ಥದಲ್ಲಿ ಯಾವ ಕ್ರೈಸ್ತನೂ ಓದಲಾರ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಅದೇ ಆಜ್ಞೆಗೆ ಸೃಷ್ಟಿಯ ಬದಲು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ಕಾರಣವಾಗಿ ಕೊಡಲಾಗಿದೆ.

ಮೂರನೆಯದು ನಿಜವಾಗಿ ಕಠಿಣ: ಪೌಲನ ಆದಾಮ. ಆದಾಮನೊಬ್ಬನ ಅವಿಧೇಯತೆಯಿಂದ ಪಾಪವೂ ಮರಣವೂ ಬಂದವೆಂಬ ಮಾತಿನ ಮೇಲೆ ಅಗಸ್ಟೀನ್ ಜನ್ಮಪಾಪದ ಸಿದ್ಧಾಂತವನ್ನು ಕಟ್ಟಿದ. ಪಶ್ಚಿಮದ ಸಭೆಗಳು ಅದನ್ನು ಉಳಿಸಿಕೊಂಡು ಬಂದಿವೆ. 1950ರ ‘ಹ್ಯುಮಾನಿ ಜೆನೆರಿಸ್’ ಪತ್ರದಲ್ಲಿ ಪಯಸ್ ಪೋಪ್ ಮಾನವ ದೇಹದ ವಿಕಾಸವನ್ನು ಚರ್ಚೆಗೆ ಬಿಟ್ಟರೂ, ಮನುಷ್ಯರು ಅನೇಕ ಮೂಲಪುರುಷರಿಂದ ಬಂದರೆಂಬುದು ಜನ್ಮಪಾಪದ ಬೋಧನೆಗೆ ಹೇಗೆ ಹೊಂದುವುದೋ ಕಾಣದೆಂದು ತಡೆದ. ತಳಿವಿಜ್ಞಾನದ ಇಂದಿನ ಲೆಕ್ಕಗಳೋ, ಮನುಕುಲದ ಪೂರ್ವಜ ಸಮೂಹ ಸಾವಿರಗಳಿಗಿಂತ ಕೆಳಗೆ ಇಳಿದಿರಲಿಲ್ಲವೆಂಬ ಕಡೆಗೆ ಬೆರಳು ತೋರುತ್ತವೆ. ಇಲ್ಲಿ ಬಿಕ್ಕಟ್ಟಿಲ್ಲವೆನ್ನುವುದು ಪ್ರಾಮಾಣಿಕವಲ್ಲ. ಆದರೂ ಕೆಲವು ಸಂಗತಿಗಳನ್ನು ಗಮನಿಸಬೇಕು. ಆದಿಕಾಂಡದ ಐದನೆಯ ಅಧ್ಯಾಯದ ಬಳಿಕ ಹೀಬ್ರೂ ಬೈಬಲಿನಲ್ಲಿ ಆದಾಮನು ಬಹುಮಟ್ಟಿಗೆ ಮರೆಯಾಗುತ್ತಾನೆ; ಪ್ರವಾದಿಗಳು ಜನರ ಪಾಪವನ್ನು ಖಂಡಿಸುವಾಗ ಅದರ ಮೂಲವನ್ನು ಏದೆನ್ನಿಗೆ ಒಯ್ಯುವುದಿಲ್ಲ. ಪೂರ್ವದ ಆರ್ಥಡಾಕ್ಸ್ ಸಭೆಗಳು ಆದಾಮನಿಂದ ಮರಣಾಧೀನತೆ ಬಂದಿತೆನ್ನುತ್ತವೆಯೇ ಹೊರತು ಅವನ ಅಪರಾಧವೇ ಹುಟ್ಟಿನೊಡನೆ ಅಂಟುತ್ತದೆನ್ನುವುದಿಲ್ಲ. ಎರಡನೆಯ ಶತಮಾನದ ಐರೇನಿಯಸ್ ಆದಾಮನನ್ನು ಇನ್ನೂ ಬೆಳೆಯಬೇಕಾಗಿದ್ದ ಮಗುವಾಗಿ ಚಿತ್ರಿಸಿದ. ಪತನವೆಂದರೆ ಅವನಿಗೆ ಪಕ್ವವಾಗದವನ ಎಡವು. ಪೌಲನ ವಾದದ ಭಾರವೂ ಕ್ರಿಸ್ತನ ಕಡೆಗಿದೆ. ಯೆಹೂದ್ಯನಿಗೂ ಅನ್ಯಜನಾಂಗದವನಿಗೂ ಬಿಡುಗಡೆ ಒಂದೇ ಎಂದು ಸಾಧಿಸಲು ಅವನಿಗೆ ಎಲ್ಲರಿಗೂ ಸಮಾನವಾದ ಕೇಡಿನ ಚಿತ್ರ ಬೇಕಿತ್ತು, ಆದಾಮನು ಅದನ್ನು ಒದಗಿಸಿದ. ಪೌಲನು ಆದಾಮನನ್ನು ಇದ್ದ ವ್ಯಕ್ತಿಯೆಂದೇ ಭಾವಿಸಿದ್ದಿರಬೇಕು. ಅವನ ವಾದ ಆ ಭಾವನೆಯಿಲ್ಲದೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದರ ಮೇಲೆ ದೇವತಾಶಾಸ್ತ್ರಜ್ಞರು ಇಂದಿಗೂ ಒಂದು ಮಾತಿಗೆ ಬಂದಿಲ್ಲ. ಕೆಲವರು ಆದಾಮನನ್ನು ದೇವರು ಆರಿಸಿಕೊಂಡ ಪ್ರತಿನಿಧಿಯೆಂದೂ, ಕೆಲವರು ಪ್ರತಿ ಮನುಷ್ಯನ ಹೆಸರೆಂದೂ, ಕೆಲವರು ಹಳೆಯ ಅರ್ಥದ ಮೊದಲ ಪುರುಷನೆಂದೂ ಹಿಡಿಯುತ್ತಾರೆ. ಆ ವಾದ ನಡೆಯಬೇಕಾದದ್ದು ಪಾಪದ ಸ್ವರೂಪ, ಹೊಣೆಗಾರಿಕೆ, ಕೃಪೆ ಇವುಗಳ ಮೇಲೆ. ಸುಮಾರು 454 ಕೋಟಿ ವರ್ಷಗಳ ಭೂಮಿಯ ವಯಸ್ಸನ್ನು ಆರು ಸಾವಿರಕ್ಕೆ ಇಳಿಸಿದರೂ ಅದರಲ್ಲಿ ಒಂದು ಪ್ರಶ್ನೆಯೂ ಬಗೆಹರಿಯುವುದಿಲ್ಲ.